ವಿಲ್ಫ್‌ನ ಕಾರಿಗೆ ನಾನು ಹೇಳಿದ ಬೆಲೆ

ನಾನು ಜಿಪುಣ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕ್ರಿಸ್‌ಮಸ್ ಕಾರ್ಡುಗಳನ್ನು ಜನವರಿಯಲ್ಲಿ ಅರ್ಧ ಬೆಲೆಗೆ ಕೊಂಡು ಹನ್ನೊಂದು ತಿಂಗಳು ಕಪಾಟಿನಲ್ಲಿ ಇಟ್ಟುಕೊಳ್ಳುವವನು. ಇಂಗ್ಲೆಂಡಿನ ನಮ್ಮ ಲೀಕ್ ಪೇಟೆಯ ಸಂತೆಗೆ ಅಂಗಡಿಯವರು ಗಂಟುಮೂಟೆ ಕಟ್ಟುವ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುವವನು. ಐವತ್ತೊಂಬತ್ತು ವರ್ಷ ಇದನ್ನು ನಾನು ಜಾಣತನ ಎಂದೇ ತಿಳಿದಿದ್ದೆ.

ಬಸ್ ಡಿಪೋದ ಕೆಲಸದಿಂದ ನಿವೃತ್ತನಾದ ವರ್ಷ ಕೈಯಾರೆ ಒಂದು ಕಾರು ಕಟ್ಟಬೇಕೆಂಬ ಹುಚ್ಚು ಹಿಡಿಯಿತು. ನಮ್ಮ ಕಡೆ ಇದು ಹೊಸ ಹುಚ್ಚೇನಲ್ಲ. ನಾಲ್ಕು ಬೀದಿ ಸುತ್ತಿದರೆ ಯಾವುದಾದರೂ ಗ್ಯಾರೇಜಿನಲ್ಲಿ ಒಬ್ಬ ಗಂಡಸು ಕಿಟ್ ಎಂದು ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸುತ್ತ, ಯಾವುದೋ ಹಳೆಯ ಕಾರಿನ ಎಂಜಿನ್ ಕಿತ್ತು ಅದಕ್ಕೆ ಕೂರಿಸುತ್ತ ಇರುತ್ತಾನೆ. ಕೊನೆಗೆ ಆಗುವುದು ಎರಡೇ ಸೀಟಿನ, ಬಾಗಿಲಿಲ್ಲದ, ಚಾವಣಿಯಿಲ್ಲದ ಒಂದು ಕಾರು. ವಾರದಲ್ಲಿ ಐದು ದಿನ ಮಳೆ ಹನಿಯುವ ಊರಿನಲ್ಲಿ ಚಾವಣಿಯಿಲ್ಲದ ಕಾರು ಯಾಕೆ ಎಂದು ಕೇಳುವವರು ಹೆಂಡತಿಯರು ಮಾತ್ರ.

"ನಾಲ್ಕು ಸಾವಿರ ಪೌಂಡು. ಅದರ ಮೇಲೆ ಒಂದು ಪೆನ್ನಿ ಕೇಳಿದ್ರೆ ಆ ಕಾರಲ್ಲೇ ಮಲಗ್ಬೇಕು ನೀನು, ನೆವಿಲ್," ಎಂದಳು ನನ್ನ ಹೆಂಡತಿ ಗ್ಲೆನಿಸ್.

ನಾನು ಕಂಪನಿಗಳ ಪುಸ್ತಿಕೆಗಳನ್ನೆಲ್ಲ ತರಿಸಿಕೊಂಡೆ. ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲಿನಿಂದ ಗೆರೆ ಎಳೆದೆ. ಮೂರು ಸಾವಿರಕ್ಕೇ ಕಿಟ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಒಳಪುಟದ ಸಣ್ಣಕ್ಷರ ಓದಿದರೆ ಅದರಲ್ಲಿ ಚಕ್ರಗಳಿಲ್ಲ, ಸೀಟಿಲ್ಲ, ದೀಪಗಳಿಲ್ಲ. ಸ್ಟೀರಿಂಗ್ ಇದ್ದರೆ ನಮ್ಮ ಪುಣ್ಯ. ಎಲ್ಲ ಕೂಡಿಸಿದರೆ ಒಂಬತ್ತು ಸಾವಿರ ದಾಟುತ್ತಿತ್ತು.

ಕೊನೆಗೆ ಕಿಟ್ ಕಾರಿನವರ ಕ್ಲಬ್ಬಿಗೆ ಸೇರಿದೆ. ತಿಂಗಳ ಎರಡನೇ ಭಾನುವಾರ ಒಂದು ಪಬ್ಬಿನ ಹಿಂದಿನ ಅಂಗಳದಲ್ಲಿ ಎಲ್ಲರೂ ತಾವು ಕಟ್ಟಿದ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರ ಎಂಜಿನ್ ಒಬ್ಬರು ಬಗ್ಗಿ ನೋಡುತ್ತಾರೆ. ಕಾರ್ಯದರ್ಶಿ ಲಯೊನೆಲ್ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಇಡೀ ಜಗತ್ತನ್ನೇ ಹಿಂದಿನ ಬೆಂಚಿನ ಹುಡುಗರು ಎನ್ನುವಂತೆ ನೋಡುತ್ತಾನೆ.

"ಮೊದಲನೇ ಕಾರನ್ನ ಕಣ್ಣಲ್ಲಿ ಆರಿಸ್ಬೇಡ ಮಾರಾಯ, ಕುಂಡೇಲಿ ಆರಿಸು," ಎಂದ. "ಮೊದಲು ಕೂತು ನೋಡು. ಅರ್ಧ ಜನಕ್ಕೆ ಕಾರು ಕಟ್ಟಿ ಮುಗಿಸಿದ ಮೇಲೆ ಗೊತ್ತಾಗುತ್ತೆ, ತಾವು ಅದರೊಳಗೆ ಹಿಡಿಸೋದೇ ಇಲ್ಲ ಅಂತ. ಎಷ್ಟಿದೆ ನಿನ್ನತ್ರ?"

"ನಾಲ್ಕು ಸಾವಿರ."

"ಹಾಗಾದ್ರೆ ಹೊಸ ಕಿಟ್ ಮರೆತ್ಬಿಡು. ಯಾರಾದ್ರೂ ಅರ್ಧ ಕಟ್ಟಿ ಬಿಟ್ಟಿರೋದನ್ನ ಹುಡುಕು."

"ಅರ್ಧಕ್ಕೇ ಯಾಕೆ ಬಿಡ್ತಾರೆ?"

"ಡೈವೋರ್ಸು, ಬೆನ್ನುನೋವು, ಸಾವು. ಮೂರರಲ್ಲಿ ಒಂದು."

ಆಮೇಲೆ ದನಿ ತಗ್ಗಿಸಿ ವಿಲ್ಫ್ ಪಾಡ್ಮೋರ್‌ನ ವಿಷಯ ಹೇಳಿದ. ಹಳೆಯ ಸದಸ್ಯ ವಿಲ್ಫ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಆರು ವರ್ಷದಿಂದ ಕಟ್ಟುತ್ತಿದ್ದ ಕಾರು ಮುಕ್ಕಾಲು ಪಾಲು ಮುಗಿದು ಗ್ಯಾರೇಜಿನಲ್ಲಿ ನಿಂತಿತ್ತು. ಹೀಗಾದಾಗ ಕ್ಲಬ್ಬಿನಲ್ಲಿ ಒಂದು ರೂಢಿಯಿದೆ. ಮೂವರು ಹಿರಿಯರು ಆ ಮನೆಗೆ ಹೋಗಿ, ಪ್ರತಿಯೊಂದು ಭಾಗವನ್ನೂ ಪಟ್ಟಿ ಮಾಡಿ, ನ್ಯಾಯವಾದ ಬೆಲೆ ಕಟ್ಟಿ, ಆಮೇಲೆ ಸದಸ್ಯರಿಗೆ ತಿಳಿಸುತ್ತಾರೆ. ಅದಕ್ಕೂ ಮುಂಚೆ ಯಾರೂ ಆ ಮನೆಯ ಬಾಗಿಲು ತಟ್ಟುವಂತಿಲ್ಲ. ಇದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಬರೆದಿಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

"ಈಸ್ಟರ್ ಮುಗಿದ ಮೇಲೆ ನಾವು ಹೋಗ್ತೀವಿ," ಎಂದ ಲಯೊನೆಲ್. "ನಾಲ್ಕು ಸಾವಿರದ ಹತ್ತಿರ ಬರ್ಬಹುದು. ಮೊದಲು ನಿಂಗೇ ಕೇಳ್ತೀನಿ. ಸ್ವಲ್ಪ ತಾಳು."

ನಾನು ತಾಳಲಿಲ್ಲ. ಕಾರಿಗೇ ನಾಲ್ಕು ಸಾವಿರ ಸುರಿದರೆ ಮಿಕ್ಕ ಭಾಗಗಳಿಗೆ, ರಸ್ತೆಗಿಳಿಸುವ ಮುಂಚಿನ ಸರ್ಕಾರಿ ಪರೀಕ್ಷೆಗೆ ಏನು ಉಳಿಯುತ್ತದೆ? ಸುಮ್ಮನೆ ಒಂದು ಸಲ ನೋಡಿ ಬರುತ್ತೇನೆ, ನೋಡುವುದರಲ್ಲಿ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡು ಗುರುವಾರ ಬೆಳಿಗ್ಗೆ ಹೊರಟೆ. ಹೊರಡುವಾಗ ಚೆಕ್ ಪುಸ್ತಕವನ್ನು ಜೇಬಿಗೆ ಹಾಕಿಕೊಂಡಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಬಾಗಿಲು ತೆರೆದವರು ವಿಲ್ಫ್‌ನ ಹೆಂಡತಿ ಏವ್ರಿಲ್. ಸಣ್ಣ ಮೈಕಟ್ಟಿನ ಹೆಂಗಸು. ಗಂಡನದೇ ಇರಬೇಕು, ಮೊಣಕಾಲ ತನಕ ಬರುವ ಸ್ವೆಟರ್ ಹಾಕಿಕೊಂಡಿದ್ದರು.

"ಕ್ಲಬ್ಬಿಂದ ಬಂದ್ರಾ?"

"ಹೌದು, ಕ್ಲಬ್ಬಿನವನೇ," ಎಂದೆ. ಅದು ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು.

"ಬನ್ನಿಪ್ಪಾ, ಒಳಗೆ ಬನ್ನಿ. ಲಯೊನೆಲ್ ಹೇಳಿದ್ದ, ನಮ್ಮವರು ಬಂದು ಬೆಲೆ ಹೇಳ್ತಾರೆ, ಅವರು ಹೇಳಿದ್ದನ್ನ ಕಣ್ಣುಮುಚ್ಚಿ ನಂಬು ಅಂತ. ಇಷ್ಟು ಬೇಗ ಬರ್ತೀರಿ ಅಂತ ಗೊತ್ತಿರಲಿಲ್ಲ."

ಆ ಕ್ಷಣದಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು: ಅವರು ಕಳಿಸಿದ್ದು ನನ್ನನ್ನಲ್ಲ. ಅದರ ಬದಲು ನನ್ನ ಟೀಗೆ ಎಷ್ಟು ಸಕ್ಕರೆ ಬೇಕೆಂದು ಹೇಳಿದೆ.

ಗ್ಯಾರೇಜಿನಲ್ಲಿ ಕಾರನ್ನು ಕಂಡೊಡನೆ ಅದು ನನ್ನದಾಗಲೇಬೇಕು ಅನ್ನಿಸಿತು. ಕಾರಿನ ಎಲುಬುಗೂಡಾದ ಕೊಳವೆಗಳ ಚಾಸಿ, ಅದರಲ್ಲಿ ಕೂತ ಎಂಜಿನ್, ನಾಲ್ಕೂ ಚಕ್ರ, ಗೋಡೆಗೆ ಒರಗಿಸಿದ ಅಲ್ಯೂಮಿನಿಯಂ ತಗಡುಗಳು. ಬಿಗಿ ಮಾಡಿದ ಒಂದೊಂದು ಬೋಲ್ಟಿನ ಮೇಲೂ ವಿಲ್ಫ್ ಒಂದು ಹಳದಿ ಬಣ್ಣದ ಚುಕ್ಕಿ ಇಟ್ಟಿದ್ದ. ಚುಕ್ಕಿ ಇದ್ದರೆ ಅದನ್ನು ಎರಡು ಸಲ ನೋಡಿದ್ದಾಗಿದೆ ಎಂದರ್ಥ. ನೂರಾರು ಚುಕ್ಕಿಗಳಿದ್ದವು.

ಸಂತೆಯಲ್ಲಿ ಕಲಿತ ವಿದ್ಯೆ ನೆನಪಾಯಿತು. ಮಂಡಿಯೂರಿ ಕೂತು ಚಾಸಿಯ ಒಂದು ಮೂಲೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಲೊಚಗುಟ್ಟಿ, ಸುಮ್ಮನಾದೆ.

"ಯಾಕೆ? ಏನಾದ್ರೂ ಕೆಟ್ಟೋಗಿದ್ಯಾ?" ಏವ್ರಿಲ್ ಗಾಬರಿಯಾದರು.

"ತುಕ್ಕು," ಎಂದೆ. ಬಣ್ಣ ಎದ್ದ ಕಡೆ ನನ್ನ ಹೆಬ್ಬೆರಳಿನ ಉಗುರಿನಷ್ಟು ತುಕ್ಕಿತ್ತು. "ಒಳಗೆ ಎಷ್ಟಿದೆಯೋ ಹೇಳೋಕಾಗಲ್ಲ. ಸಾವಿರದ ಎಂಟುನೂರು ಕೊಡಬಹುದು ನೋಡಿ. ಅದೂ ನಮ್ಮ ವಿಲ್ಫ್ ಅನ್ನೋದಕ್ಕೆ."

ನಾನು ವಿಲ್ಫ್‌ನ ಮುಖವನ್ನೂ ಕಂಡವನಲ್ಲ.

"ಅಷ್ಟೇನಾ?" ಎಂದರು. ಕಾರಿನ ಮೇಲೆ ಕೈಯಾಡಿಸಿದರು. "ಆರು ವರ್ಷ ಇಲ್ಲೇ ಬಿದ್ದಿರ್ತಿದ್ದ. ಊಟಕ್ಕೆ ಕರೆದ್ರೆ ಇನ್ನೊಂದು ಬೋಲ್ಟು ಅನ್ನೋನು. ಆಗ್ಲಿ ಬಿಡಿ. ನಿಮಗೆ ಗೊತ್ತಿರೋದು ನಮಗೆಲ್ಲಿ ಗೊತ್ತಾಗುತ್ತೆ?"

ಚೆಕ್ ಬರೆದುಕೊಟ್ಟೆ. ಏವ್ರಿಲ್ ಮನೆಯೊಳಗಿನಿಂದ ಒಂದು ಹೂವಿನ ಚಿತ್ತಾರದ ದಿಂಬು ತಂದು ಎಡಗಡೆಯ ಸೀಟಿನ ಜಾಗದಲ್ಲಿಟ್ಟರು.

"ಇದು ನಿನ್ನ ಜಾಗ ಅಂತಿದ್ದ ನಂಗೆ. ಮುಗಿದ ಮೇಲೆ ಒಂದು ಸುತ್ತು ಕರ್ಕೊಂಡು ಹೋಗ್ತೀರಾ? ಬೇರೇನೂ ಬೇಡ."

ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಕ್ಲಬ್ಬಿನ ಮುಂದಿನ ಭಾನುವಾರ, ಲಯೊನೆಲ್‌ಗೆ ಬೇರೆ ಕಡೆಯಿಂದ ತಿಳಿಯುವ ಮೊದಲು ನಾನೇ ಹೋಗಿ ಹೇಳಿದೆ. ಏವ್ರಿಲ್ ಅವರಿಗೆ ಗ್ಯಾರೇಜ್ ಬೇಗ ಖಾಲಿಯಾಗಬೇಕಿತ್ತಂತೆ, ಅವರೇ ಕರೆದರು, ಇಲ್ಲ ಎನ್ನಲಾಗಲಿಲ್ಲ ಎಂದೆ. ಲಯೊನೆಲ್ ಗ್ಲಾಸನ್ನು ಕೆಳಗಿಟ್ಟ.

"ಎಷ್ಟು ಕೊಟ್ಟೆ?"

ಸುತ್ತ ಆರೇಳು ಜನ ನಿಂತಿದ್ದರು. "ನಾಲ್ಕು ಸಾವಿರ," ಎಂದೆ.

ಅವನ ಮುಖ ಸಡಿಲವಾಯಿತು. ನನ್ನ ಬೆನ್ನು ತಟ್ಟಿದ. "ಭೇಷ್. ನಮ್ಮನ್ನ ಕಾಯ್ಬೇಕಿತ್ತು ನೀನು, ಆದ್ರೂ ಆ ಹೆಂಗಸಿಗೆ ಮೋಸ ಮಾಡ್ಲಿಲ್ಲವಲ್ಲ, ಅಷ್ಟು ಸಾಕು. ಕೈಯೆಲ್ಲ ಖಾಲಿ ಆಗಿರ್ಬೇಕು ನಿಂದು. ಯೋಚನೆ ಮಾಡ್ಬೇಡ, ನಾವಿದ್ದೀವಿ."

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರು ಸಹಾಯಕ್ಕೆ ಬಂದರು. ಶನಿವಾರ ಬಂತೆಂದರೆ ಮೂರು ನಾಲ್ಕು ಜನ ತಮ್ಮ ಸಲಕರಣೆ ಹಿಡಿದುಕೊಂಡು ನನ್ನ ಗ್ಯಾರೇಜಿನಲ್ಲಿ ಹಾಜರು. ಒಬ್ಬ ವೈರಿಂಗ್ ಪೂರ್ತಿ ಪುಕ್ಕಟೆ ಮಾಡಿಕೊಟ್ಟ. ಇನ್ನೊಬ್ಬ ತನ್ನಲ್ಲಿ ಮಿಕ್ಕಿದ್ದ ದೀಪಗಳನ್ನು ತಂದ. ಲಯೊನೆಲ್ ಬೋಲ್ಟುಗಳ ಮೇಲಿನ ಹಳದಿ ಚುಕ್ಕಿಗಳನ್ನು ನೋಡಿ, "ವಿಲ್ಫ್ ಚುಕ್ಕಿ ಇಟ್ಟ ಮೇಲೆ ಮುಟ್ಟೋ ಹಾಗೇ ಇಲ್ಲ," ಎಂದು ನಗುತ್ತಿದ್ದ. ನಾನು ಅವರಿಗೆಲ್ಲ ಟೀ ಮಾಡಿಕೊಡುತ್ತ, ತಲೆ ಎತ್ತದೆ ಕೆಲಸ ಮಾಡುತ್ತಿದ್ದೆ. ಅವರು ಅದನ್ನು ವಿನಯ ಎಂದುಕೊಂಡರು.

ಗ್ಲೆನಿಸ್‌ಗೆ ಮಾತ್ರ ನಿಜವಾದ ಬೆಲೆ ಗೊತ್ತಿತ್ತು. "ಯಾವಾಗ ಹೇಳ್ತೀಯ ಇವರಿಗೆ?" ಎಂದು ಒಂದು ಸಲ ಕೇಳಿದಳು. ಮುಂದಿನ ವಾರ ಎಂದೆ. ಎರಡು ಸಲ ಬಾಕಿ ಹಣಕ್ಕೆ ಚೆಕ್ ಬರೆದುಕೊಂಡು ಏವ್ರಿಲ್ ಮನೆಯ ಬೀದಿಯವರೆಗೆ ಹೋಗಿ ತಿರುಗಿ ಬಂದೆ. ಹಣ ಕೊಡುವುದು ಕಷ್ಟವಾಗಿರಲಿಲ್ಲ, ಯಾಕೆ ಕೊಡುತ್ತಿದ್ದೇನೆ ಎಂದು ಹೇಳುವುದಿತ್ತಲ್ಲ, ಅದಕ್ಕೆ ಧೈರ್ಯ ಸಾಲಲಿಲ್ಲ.

ಎಂಜಿನ್ ಮೊದಲ ಸಲ ಚಾಲೂ ಮಾಡುವ ದಿನ ಕ್ಲಬ್ಬಿನವರೆಲ್ಲ ಬಂದು ನಿಲ್ಲುವುದು ವಾಡಿಕೆ. ಸೆಪ್ಟೆಂಬರಿನ ಒಂದು ಶನಿವಾರ ಹನ್ನೊಂದು ಗಂಟೆಗೆ ಎಂದು ಗೊತ್ತುಮಾಡಿದೆವು. ಲಯೊನೆಲ್ ಬಂದವನೇ, "ಏವ್ರಿಲ್‌ನ ಕರ್ಕೊಂಡು ಬಂದಿದೀನಿ. ಅವಳಿಲ್ದೆ ಹೇಗೆ?" ಎಂದ. ಅವನ ಹಿಂದೆ ಏವ್ರಿಲ್, ಕೈಯಲ್ಲಿ ಓಟ್‌ಕೇಕ್ ಡಬ್ಬಿ. ನಾನು ಬಗ್ಗಿ ಎಂಜಿನ್ ಒರೆಸತೊಡಗಿದೆ.

ಮೂರನೇ ಪ್ರಯತ್ನಕ್ಕೆ ಎಂಜಿನ್ ಹತ್ತಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಏವ್ರಿಲ್ ಅಳುತ್ತ ನಗುತ್ತ, ಚೀಸು, ಹಂದಿಮಾಂಸ ಇಟ್ಟು ಸುತ್ತಿದ, ತೆಳು ರೊಟ್ಟಿಯಂಥ ಬಿಸಿ ಓಟ್‌ಕೇಕುಗಳನ್ನು ಒಬ್ಬೊಬ್ಬರ ಕೈಗೂ ಇಟ್ಟರು.

"ನಿಮ್ಮ ಕ್ಲಬ್ಬಿನ ಉಪಕಾರ ನಾನು ಮರೆಯಲ್ಲ," ಎಂದರು ಎಂಜಿನ್ನಿನ ಸದ್ದಿನ ಮೇಲೆ ದನಿ ಎತ್ತಿ. "ನೆವಿಲ್ ಕೊಟ್ಟ ಸಾವಿರದ ಎಂಟುನೂರರಲ್ಲೇ ವಿಲ್ಫ್‌ನ ಸಮಾಧಿಗೆ ಕಲ್ಲು ಹಾಕಿಸ್ದೆ. ಅವರು ಅಕ್ಷರಕ್ಕೆ ಇಷ್ಟು ಅಂತ ತಗೋತಾರೆ ನೋಡಿ. 'ಏವ್ರಿಲ್‌ಳ ಪ್ರೀತಿಯ ಗಂಡ' ಅಂತ ಹಾಕಿಸ್ಬೇಕು ಅಂದ್ಕೊಂಡಿದ್ದೆ, ದುಡ್ಡು ಸಾಲಲಿಲ್ಲ. ಹೆಸರು, ವರ್ಷ ಸಾಕು ಅಂದೆ. ಯಾರ ಗಂಡ ಅಂತ ಊರಿಗೇ ಗೊತ್ತಲ್ವಾ?"

ಲಯೊನೆಲ್ ಕಾರಿನೊಳಗೆ ಕೈ ಹಾಕಿ ಎಂಜಿನ್ ಆರಿಸಿದ.

"ಎಷ್ಟು ಅಂದೆ ಏವ್ರಿಲ್?"

"ಸಾವಿರದ ಎಂಟುನೂರು." ಏವ್ರಿಲ್ ಎಲ್ಲರ ಮುಖವನ್ನೂ ನೋಡಿದರು. "ಯಾಕೆ, ಜಾಸ್ತಿ ಆಯ್ತಾ? ಚಾಸಿಗೆಲ್ಲ ತುಕ್ಕು ಹಿಡಿದಿತ್ತಂತಲ್ಲ. ನಿಮ್ಮ ಕ್ಲಬ್ಬಿಗೇನೂ ನಷ್ಟ ಆಗಿಲ್ಲ ತಾನೆ?"

ಯಾರೋ ತಿನ್ನುತ್ತಿದ್ದ ಓಟ್‌ಕೇಕನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಒಬ್ಬೊಬ್ಬರಾಗಿ ತಮ್ಮ ಸ್ಪ್ಯಾನರುಗಳನ್ನು ಹೆಕ್ಕಿಕೊಂಡರು, ಒರೆಸಿದರು, ಪೆಟ್ಟಿಗೆಗೆ ಹಾಕಿಕೊಂಡರು. ನಮ್ಮ ಕಡೆ ಜಗಳವಾಡುವುದು ಹೀಗೆ. ಲಯೊನೆಲ್ ಬಾಗಿಲ ಹತ್ತಿರ ನಿಂತು, ನನ್ನ ಕಡೆ ನೋಡದೆ, "ಬ್ರೇಕಿನ ಎಣ್ಣೇಲಿ ಇನ್ನೂ ಗಾಳಿ ಇದೆ. ಅದನ್ನ ತೆಗೀದೆ ಓಡಿಸ್ಬೇಡ," ಎಂದ. ಏವ್ರಿಲ್‌ಗೆ, "ನಾನು ಹೊರಗೆ ಕಾಯ್ತಿರ್ತೀನಿ," ಎಂದು ಹೇಳಿ ಹೋದ.

ಆಗ ಏವ್ರಿಲ್‌ಗೆ ಎಲ್ಲ ಹೇಳಿದೆ.

"ಹಾಗಾದ್ರೆ ಲಯೊನೆಲ್ ನಿಮ್ಮನ್ನ ಕಳಿಸಿರಲಿಲ್ಲ?"

"ಇಲ್ಲ."

"ತುಕ್ಕು?"

ಹೆಬ್ಬೆರಳಿನ ಉಗುರು ತೋರಿಸಿದೆ. ಅದನ್ನು ನೋಡಿದರು. ಖಾಲಿ ಡಬ್ಬಿಯ ಮುಚ್ಚಳ ಹಾಕಿ ಹೊರಟುಹೋದರು.

ಸೋಮವಾರ ಎರಡು ಸಾವಿರದ ಇನ್ನೂರರ ಚೆಕ್ ತೆಗೆದುಕೊಂಡು ಹೋದೆ. ಬೇಡ ಬಿಡಿ ಎನ್ನುತ್ತಾರೆಂದು ಒಳಗೊಳಗೇ ಆಸೆಯಿತ್ತು. ಅವರು ತೆಗೆದುಕೊಂಡರು. ಆ ಆಸೆ ಇಟ್ಟುಕೊಂಡಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಈಗ ಆ ಸಾಲು ಕೆತ್ತಿಸ್ಬಹುದು," ಎಂದೆ.

"ಜಾಗ ಇಲ್ಲ. ಹೆಸರನ್ನ ನಟ್ಟನಡುವೆ ದೊಡ್ಡದಾಗಿ ಕೆತ್ತಿದಾರೆ."

"ಬೇರೆ ಕಲ್ಲು ಹಾಕಿಸೋಣ. ಖರ್ಚು ನಂದೇ."

"ನನ್ನ ಗಂಡನ ಕಲ್ಲು ಕೀಳಿಸೋಕೆ ನೀವ್ಯಾರು?" ಎಂದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ, "ಒಂದು ಸುತ್ತು ಕರ್ಕೊಂಡು ಹೋಗ್ತೀನಿ ಅಂದಿದ್ರಿ. ಅದು ನಂಗೆ ಬೇಕು," ಎಂದರು.

ಬ್ರೇಕಿನ ಗಾಳಿ ಒಬ್ಬನೇ ತೆಗೆದೆ. ಸರ್ಕಾರಿ ಪರೀಕ್ಷೆಯಲ್ಲಿ ಕಾರು ಎರಡನೇ ಸಲಕ್ಕೆ ಪಾಸಾಯಿತು. ಅಕ್ಟೋಬರಿನ ಒಂದು ಒಣ ಮಧ್ಯಾಹ್ನ ಏವ್ರಿಲ್ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದು ತಮ್ಮ ದಿಂಬಿನ ಮೇಲೆ ಕೂತರು. ಬೆಟ್ಟದ ರಸ್ತೆಯಲ್ಲಿ ಹೋದೆವು. ಗಾಳಿಗೆ ಮಾತು ಕೇಳುತ್ತಿರಲಿಲ್ಲ, ಅದೇ ಒಳ್ಳೆಯದಾಯಿತು. ಒಂದು ಕೈಯಿಂದ ಅವರು ಕಾಲ ಬಳಿಯ ಬೋಲ್ಟುಗಳ ಮೇಲಿನ ಚುಕ್ಕಿಗಳನ್ನು ಸವರುತ್ತಿದ್ದರು.

ಬರುವಾಗ ಪೆಟ್ರೋಲ್ ಹಾಕಿಸಿಕೊಳ್ಳಲು ನಿಲ್ಲಿಸಿದೆ. ಪಕ್ಕದಲ್ಲಿ ವ್ಯಾನಿಗೆ ಡೀಸೆಲ್ ತುಂಬಿಸುತ್ತಿದ್ದವನೊಬ್ಬ ಕಾರಿನ ಸುತ್ತ ಒಂದು ಸುತ್ತು ಬಂದ.

"ಆಹಾ, ಏನು ಚೆನ್ನಾಗಿದೆ ಗುರುವೇ! ನೀವೇ ಕಟ್ಟಿದ್ದಾ?"

ನಮ್ಮಂಥವರು ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಬಿದ್ದಿರುವುದು ಈ ಒಂದು ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ. ಏವ್ರಿಲ್ ನೇರ ಮುಂದಕ್ಕೆ ನೋಡುತ್ತಿದ್ದರು.

"ಇಲ್ಲ," ಎಂದೆ. "ಕಟ್ಟಿದ್ದು ಇವರ ಗಂಡ ವಿಲ್ಫ್. ನಾನು ಇವರಿಗೆ ಸುಳ್ಳು ಹೇಳಿ ಅಗ್ಗಕ್ಕೆ ಹೊಡ್ಕೊಂಡೆ."

ಅವನು ತಮಾಷೆ ಎಂದುಕೊಂಡು ಜೋರಾಗಿ ನಕ್ಕ. ಏವ್ರಿಲ್ ನಗಲಿಲ್ಲ. ಪೆಟ್ರೋಲ್ ಪಂಪಿನ ಮೇಲೆ ಮೂಡಿದ್ದ ಅಂಕಿಯನ್ನು ಕಣ್ಣು ಕಿರಿದು ಮಾಡಿ ಓದಿದರು.

"ಒಳಗೆ ಹೋಗಿ ದುಡ್ಡು ಕೊಟ್ಟು ಬನ್ನಿ, ನೆವಿಲ್," ಎಂದರು. "ಪೂರ್ತಿ ಕೊಡಿ."