ಕಮಾನು ಬೇಡ, ಕೂಸಿನ ಮನೆ

ಸಿರಿಗೇರಿ ದಾಟಿದರೆ ಸಿಗುವ ಆ ಹಳ್ಳಿಯಲ್ಲಿ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಗಂಗಕ್ಕನೇ ಹಿರಿಯಳು. ಗುಂಪಿನದು ಒಂದೇ ಕಟ್ಟಳೆ: ಗದ್ದೆಯ ಮಡಿಗೆ ಇಳಿದ ಮೇಲೆ ಆ ಮಡಿಯ ನಾಟಿ ಮುಗಿಯುವ ತನಕ ಯಾರೂ ಬದು ಹತ್ತುವಂತಿಲ್ಲ. ಬದುವಿನ ಮೇಲೆ ಮಲಗಿಸಿದ ಕೂಸು ಕಿರುಚಿಕೊಂಡರೂ ಅಷ್ಟೆ. ಹೋದ ಹಂಗಾಮಿನಲ್ಲಿ ಭಾಗ್ಯಳ ಕೂಸು ಹಾಗೆಯೇ ಉರುಳಿ ಕಾಲುವೆಗೆ ಬಿದ್ದಿತ್ತು. ಉಳಿಯಿತು, ಪುಣ್ಯ. ಅಂದಿನಿಂದ ಗಂಗಕ್ಕನಿಗೆ ಒಂದೇ ಹಟ, ಈ ವರ್ಷದ ಪಂಚಾಯಿತಿ ದುಡ್ಡಿನಲ್ಲಿ ಕೂಸುಗಳನ್ನು ನೋಡಿಕೊಳ್ಳಲು ಒಂದು ಮನೆ ಆಗಲೇಬೇಕು.

ಅವಳ ಸೊಸೆ ರೇಣುಕಾ ಪಂಚಾಯಿತಿ ಮೆಂಬರು. ಹೆಸರಿಗಷ್ಟೆ. ಸಭೆಗೆ ಹೋಗಿ ಕುರ್ಚಿ ಬಿಸಿ ಮಾಡುತ್ತಿದ್ದವನು ಗಂಡ ಮಾರೆಣ್ಣ; ಊರೆಲ್ಲ ಮೆಂಬರ್ ಎನ್ನುತ್ತಿದ್ದುದೂ ಅವನನ್ನೇ. ಅವನಿಗೂ ಅವನ ಗೆಳೆಯರಿಗೂ ಊರ ಮುಂದೆ ದೊಡ್ಡದೊಂದು ಕಮಾನು ಬೇಕಿತ್ತು. ಗ್ರಾಮಸಭೆಯನ್ನು ಬೇಕೆಂದೇ ನಾಟಿಯ ದಿನ ಇಟ್ಟಿದ್ದರು. ಹೆಂಗಸರ ಸಹಿಯನ್ನು ಮರುದಿನ ಗದ್ದೆಗೇ ಬಂದು ಹಾಕಿಸಿಕೊಂಡರಾಯಿತು, ಯಾವಾಗಲೂ ನಡೆದದ್ದೇ ಹಾಗೆ.

ಆ ಬೆಳಿಗ್ಗೆ ಗಂಗಕ್ಕ ಮೊಮ್ಮಗಳನ್ನು ತಂದು ಮಗನ ಮಡಿಲಿಗೆ ಹಾಕಿದಳು.

"ಹಿಡಿಯಪ್ಪ. ಇವತ್ತು ನಿನ್ನ ಹೆಂಡ್ತಿ ಸಭಿಗೆ ಹೋಗ್ತಾಳ."

"ಯವ್ವಾ, ನನಗ ಕೂಸು ಆಡಸಾಕ ಬರಂಗಿಲ್ಲ!"

"ನಿನ್ನ ಹಡದಾಗ ನನಗ ಯಾರು ಕಲಿಸಿದ್ರು?"

ಹಿಡಿದ ಮಡಿ ಮುಗಿಸಿ ಗುಂಪು ಕೆಸರುಗಾಲಲ್ಲೇ ಬಂದು ಸಭೆಯಲ್ಲಿ ಕೂತಿತು. ಅಧ್ಯಕ್ಷ ತಿಪ್ಪೇರುದ್ರಪ್ಪ ಕಮಾನಿನ ಗುಣಗಾನ ಮುಗಿಸಿ, "ಎಲ್ಲಾರೂ ಒಪ್ಪಿದಂಗಾತು, ಚಹಾ ಕುಡೀರಿ" ಎಂದ. ರೇಣುಕಾ ಎದ್ದು ನಿಂತಳು. ದನಿ ನಡುಗುತ್ತಿತ್ತು.

"ನಾವು ಒಪ್ಪಿಲ್ಲರಿ. ಕೂಸು ಬಿಡಾಕ ಜಾಗ ಇಲ್ದ ಎಷ್ಟು ಮಂದಿ ಕೂಲಿ ಬಿಟ್ಟು ಕುಂತಾರ. ಸರಕಾರದ ದುಡ್ಡಿನಾಗ ನಮ್ಮ ಪಾಲು ಇಲ್ಲೇನ್ರಿ?"

"ಮುಂದಿನ ವರ್ಷ ನೋಡಾಣ ತಗೋಮ್ಮ. ಮಾರೆಣ್ಣ ಎಲ್ಲಿ?"

"ಮನ್ಯಾಗ ಕೂಸು ಹಿಡಕಂಡು ಕುಂತಾನ್ರಿ," ಎಂದಳು ಗಂಗಕ್ಕ. "ಕೂಸಿನ ಮನಿ ಇಲ್ಲಲ್ರಿ, ಅದಕ್ಕ!"

ಸಭೆ ಗೊಳ್ಳೆಂದಿತು. ಚಹಾ ಬಂತು, ಹೆಂಗಸರು ಮುಟ್ಟಲಿಲ್ಲ. ಸಹಿಯನ್ನೂ ಹಾಕಲಿಲ್ಲ, ಎದ್ದೂ ಹೋಗಲಿಲ್ಲ.

"ಈ ಮಡಿ ಇನ್ನೂ ಮುಗಿದಿಲ್ರಿ, ಮುಗಿಯೋತನಕ ನಾವು ಏಳಂಗಿಲ್ಲ," ಎಂದಳು ಭಾಗ್ಯ.

ಹೆಂಗಸರ ಸಹಿ ಇಲ್ಲದಿದ್ದರೆ ಈ ಸಭೆ ಲೆಕ್ಕಕ್ಕಿಲ್ಲ, ಕಮಾನಿಗೂ ದುಡ್ಡಿಲ್ಲ ಎಂದು ಸಿರುಗುಪ್ಪದಿಂದ ಬಂದಿದ್ದ ಅಧಿಕಾರಿಣಿ ಮೆಲ್ಲಗೆ ಹೇಳಿದರು. ತಿಪ್ಪೇರುದ್ರಪ್ಪನ ಮುಖ ಸಣ್ಣದಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವನು ಠರಾವಿನಲ್ಲಿ ಕಮಾನು ಎಂಬುದನ್ನು ಹೊಡೆದುಹಾಕಿಸಿ ಕೂಸಿನ ಮನೆ ಎಂದು ಬರೆಸಿದ. ರೇಣುಕಾ ಅದನ್ನು ಎಲ್ಲರಿಗೂ ಕೇಳುವಂತೆ ಓದಿ, ಮೊದಲ ಸಹಿ ತಾನೇ ಹಾಕಿದಳು. ಗಂಗಕ್ಕನ ಎದೆ ಉಬ್ಬಿತು. ಹೆತ್ತ ಮಗನ ಮದುವೆಯಲ್ಲೂ ಅವಳು ಇಷ್ಟು ಹಿಗ್ಗಿರಲಿಲ್ಲ.

ಮನೆಯ ದಾರಿಯಲ್ಲಿ ಅಂಗಡಿ ಹೊನ್ನೂರಸ್ವಾಮಿ ಗಂಗಕ್ಕನನ್ನು ಕೂಗಿ ಕೇಳಿದ, "ಏನ್ ಮೆಂಬರ್ ತಾಯಿ, ಏನಾತು ಸಭ್ಯಾಗ?"

ಗಂಗಕ್ಕ ನಿಂತು ಸೆರಗು ಸರಿ ಮಾಡಿಕೊಂಡಳು.

"ಮೆಂಬರ್ ತಾಯಿ ಅಲ್ಲೋ ತಮ್ಮಾ," ಎಂದಳು. "ನಾನು ಮೆಂಬರ್ ಅತ್ತಿ ಅದೀನಿ."