ಚಿರತೆಯ ಮಳಿಗೆ

ಉನ್ನತ ಶಿಕ್ಷಣ ಮೇಳದಲ್ಲಿ ಪರಿಸರ ವಿಜ್ಞಾನ ಮತ್ತು ವನ್ಯಜೀವಿ ಸಂರಕ್ಷಣಾ ವಿಭಾಗಕ್ಕೆ ಸಿಕ್ಕಿದ್ದು ಶೌಚಾಲಯದ ಪಕ್ಕದ ಮೂಲೆ. ಆ ಕೊರತೆ ತುಂಬಲೆಂದು ವಿಭಾಗದ ಮುಖ್ಯಸ್ಥರು ಆಳೆತ್ತರದ ಬ್ಯಾನರ್ ಮಾಡಿಸಿದ್ದರು. ಮಲಗಿದ ಚಿರತೆಯ ಬೆನ್ನ ಮೇಲೆ ಕೈಯಿಟ್ಟು ಅವರು ದೂರದ ಬೆಟ್ಟ ನೋಡುತ್ತಿದ್ದಾರೆ. ಪಶುವೈದ್ಯರು ಅರಿವಳಿಕೆ ಕೊಟ್ಟು, ಚಿರತೆಯ ನಾಲಿಗೆ ಹೊರಬಿದ್ದ ಮೇಲಷ್ಟೇ ಈ ಮಹಾಶಯರು ಕಾರಿನಿಂದ ಇಳಿದದ್ದು ಬ್ಯಾನರಿನಲ್ಲಿ ಕಾಣುವುದಿಲ್ಲ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನೇ ಚಿರತೆ ಎನ್ನುತ್ತಿದ್ದರು.

ಮಳಿಗೆಯಲ್ಲಿ ಕೂತವಳು ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದ ಸಂಶೋಧಕಿ. ಅವಳ ವಿಷಯ ಸಗಣಿ ಹುಳು. ಎರಡು ಮಳೆಗಾಲ ಕಾಡಿನಲ್ಲಿ ಮಂಡಿಯೂರಿ ಕಲೆಹಾಕಿದ ಮಾಹಿತಿ ಆಗಷ್ಟೇ ಪ್ರಬಂಧವಾಗಿ ಅಚ್ಚಾಗಿತ್ತು. ಲೇಖಕರ ಸಾಲಿನಲ್ಲಿ ಮೊದಲು ಚಿರತೆಯ ಹೆಸರು, ಆಮೇಲೆ ಜಿರಳೆ ಕಂಡರೆ ಕುರ್ಚಿ ಹತ್ತುವ ಅವರ ಹೆಂಡತಿಯದು, ಕಡೆಗೆ ಇವಳದು. ಕೇಳಿದ್ದಕ್ಕೆ, "ಕಡೇಲಿರೋ ಹೆಸರೇ ಕಣಮ್ಮ ಜನಕ್ಕೆ ನೆನಪಿರೋದು" ಅಂದಿದ್ದರು.

ಬೆಳಗಿನಿಂದ ಬಂದವರೆಲ್ಲ ಕೇಳಿದ್ದು ಶೌಚಾಲಯದ ದಾರಿ. ಮಧ್ಯಾಹ್ನ ಟೈಲ್ಸ್ ಅಂಗಡಿಯವನೊಬ್ಬ ಡಿಗ್ರಿ ಮುಗಿಸಿದ ಮಗಳೊಂದಿಗೆ ಬಂದು ನಿಂತ.

"ಏನ್ರೀ ಇದು, ಇದನ್ನ ಓದಿದ್ರೆ ಏನ್ ಸಿಗುತ್ತೆ?"

"ಪಿಎಚ್.ಡಿ.ವರೆಗೂ ಒಂದೇ ಕೋರ್ಸು. ಶುರುವಿಂದ್ಲೇ ಶಿಷ್ಯವೇತನ ಬರುತ್ತೆ."

"ನೀವೇನ್ ಓದ್ತಿದ್ದೀರಿ?"

"ಸಗಣಿ ಹುಳು."

"ಸಗಣಿ ಹುಳಾನಾ!" ಅವನು ಮಗಳ ಕಡೆ ತಿರುಗಿದ. "ಕೇಳಿಸ್ತಾ? ಇಷ್ಟೆಲ್ಲ ಓದಿ ಸಗಣಿ ಕೆದಕ್ಬೇಕಂತೆ. ನಡಿ, ಎಂಬಿಎ ಆ ಕಡೆ ಇದೆ."

ಸಂಶೋಧಕಿಗೆ ಮೈ ಉರಿಯಿತು. ಸಗಣಿಗೂ ಟೈಲ್ಸಿಗೂ ಇರುವ ವ್ಯತ್ಯಾಸ ವಿವರಿಸಬೇಕೆನಿಸಿತು. ಮಗಳು ಮಾತ್ರ ಕದಲಲಿಲ್ಲ.

"ಉಂಡೆ ಕಟ್ಟಿ ಉರುಳಿಸ್ಕೊಂಡು ಹೋಗ್ತಾವಲ್ಲ, ಅವಾ? ದಾರಿ ಹೆಂಗೆ ಗೊತ್ತಾಗುತ್ತೆ ಅವಕ್ಕೆ?"

"ಹಗಲಲ್ಲಿ ಸೂರ್ಯ. ರಾತ್ರಿ ಓಡಾಡೋ ಕೆಲವಕ್ಕೆ ಆಕಾಶಗಂಗೆ."

ಹುಡುಗಿಯ ಬಾಯಿ ತೆರೆದೇ ಉಳಿಯಿತು. ಸಂಶೋಧಕಿ ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದಳು. "ನಿಜವಾಗ್ಲೂ ಕಲೀಬೇಕಾದ್ರೆ ನಮ್ಮಲ್ಲಿಗೆ ಬರ್ಬೇಡ. ಬಸ್ ನಿಲ್ದಾಣದ ಹಿಂದಿನ ಕಾಲೇಜಲ್ಲಿ ಬಸವನಹುಳುಗಳ ಮೇಲೆ ಕೆಲಸ ಮಾಡೋ ಮೇಡಂ ಒಬ್ರು ಇದ್ದಾರೆ, ಬಸವನಹುಳು ಮೇಡಂ ಅಂತಲೇ ಕರೀತಾರೆ. ರೂಮು ಸೋರುತ್ತೆ. ಆದ್ರೆ ಅವರ ಹುಡುಗರು ಮಾಡಿದ ಕೆಲಸಕ್ಕೆ ಹುಡುಗರ ಹೆಸರೇ ಇರುತ್ತೆ."

"ಭೇಷ್!"

ಹಿಂದೆ ಚಿರತೆ ನಿಂತಿದ್ದರು, ಕೈಯಲ್ಲಿ ಕಾಫಿ. "ಉಂಡ ಮನೆ ಗಳ ಹಿರೀತೀಯೇನಮ್ಮ?"

"ಉಂಡಿದ್ದು ಯಾರು ಸರ್?"

ಟೈಲ್ಸ್ ಅಂಗಡಿಯವನು ಗೊಳ್ಳೆಂದು ನಕ್ಕ. ಚಿರತೆಯ ಮುಖ ಕೆಂಪಗಾಯಿತು. ಮರುಕ್ಷಣವೇ ಅದರ ಮೇಲೊಂದು ನಗೆ ಹರಡಿತು. "ಬನ್ನಿ ಯಜಮಾನ್ರೇ, ಈಗಿನ ಹುಡುಗರು ಹೀಗೇ" ಎಂದು ಅವನ ಹೆಗಲಿಗೆ ಕೈ ಹಾಕಿದರು. ವಿದೇಶದ ಯೋಜನೆಗಳು, ಮಂತ್ರಿಗಳ ಜೊತೆ ಊಟ, ಒಂಟಿಯಾಗಿ ಚಿರತೆಯನ್ನು ಎದುರಿಸಿದ ಮುಂಜಾನೆ. ಸಂಶೋಧಕಿಗೆ ಈ ಪುರಾಣ ಬಾಯಿಪಾಠವಾಗಿತ್ತು. ಹೇಳುವವನಿಗಿಂತ ತಲೆದೂಗುವವರ ಮೇಲೆ ಅವಳಿಗೆ ಹೆಚ್ಚು ಹೇಸಿಗೆ ಬಂತು.

ಮೇಳ ಮುಗಿದ ಮೇಲೆ, ಕಾಡಿಗೆ ಹೋಗುವ ವಿಭಾಗದ ಜೀಪು ಅವಳ ಪಾಲಿಗೆ ಮಾತ್ರ ಕೆಟ್ಟು ನಿಂತಿತು. ಪ್ರಯೋಗಾಲಯದ ಬೀಗದ ಕೈ ಅವಳು ಬಂದಾಗಲೆಲ್ಲ ಕಳೆದುಹೋಗಿರುತ್ತಿತ್ತು. ಅವಳು ಬಸವನಹುಳು ಮೇಡಂ ಮನೆಗೆ ಹೋಗಿ ಎಲ್ಲ ಹೇಳಿದಳು. "ದುಡ್ಡು ಕೊಡೋಕೆ ನನ್ನ ಹತ್ರ ಇಲ್ಲ, ಜಾಗ ಇದೆ" ಅಂದರು ಮೇಡಂ. ಸಂಜೆ ಮನೆಪಾಠ ಹೇಳಿ ಸಂಭಾಳಿಸುತ್ತೇನೆಂದು ಒಪ್ಪಿಬಂದಳು.

ಮೇಜು ಖಾಲಿ ಮಾಡುವ ದಿನ ಬಾಗಿಲಲ್ಲಿ ನಿಂತಿದ್ದವಳು ಅದೇ ಹುಡುಗಿ. ಆ ಮೇಜು ಇನ್ನು ಅವಳದಂತೆ.

"ಅಷ್ಟು ಹೇಳಿದ್ದೆನಲ್ಲೇ! ಕಟುಕನ ಮನೆ ಹುಡುಕ್ಕೊಂಡು ಬಂದ ಕುರಿ ಥರ ಬಂದಿದ್ದೀಯಲ್ಲ!"

"ಆ ಮೇಡಂ ಹತ್ರಾನೂ ಹೋಗಿದ್ದೆ ಅಕ್ಕ. ಅಲ್ಲಿ ಶಿಷ್ಯವೇತನ ಇಲ್ಲ. ದುಡ್ಡು ಬರಲ್ಲ ಅಂದ್ರೆ ಅಪ್ಪ ನನ್ನ ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಕೂರಿಸ್ತಾರೆ. ಜೀವಮಾನವಿಡೀ ಟೈಲ್ಸ್ ಮಾರೋದಕ್ಕಿಂತ ಇವರ ಕಾಟ ತಡ್ಕೋತೀನಿ."

ಹುಡುಗಿ ಪೆದ್ದಿಯಲ್ಲ, ಲೆಕ್ಕ ಹಾಕಿಯೇ ಬಂದಿದ್ದಾಳೆ. ಸಂಶೋಧಕಿ ಸೂಜಿಡಬ್ಬಿ, ಚಿಮಟಗಳನ್ನು ಚೀಲಕ್ಕೆ ತುಂಬಿಕೊಂಡು ಕುರ್ಚಿ ಬಿಟ್ಟುಕೊಟ್ಟಳು.

"ನಾಳೆ ಮೊದಲನೇ ದಿನ ಅಕ್ಕ. ಏನು ಓದ್ಕೊಂಡು ಬರ್ಲಿ?"

"ಏನೂ ಬೇಡ. ಸರ್ ತಮ್ಮ ಫೋಟೋ ತೆಗೆಯೋಕೆ ಕರೀತಾರೆ. ಎಡಗಡೆಯಿಂದ ತೆಗಿ, ಬಲಗಡೆ ತಲೆ ಬೋಳು ಕಾಣುತ್ತೆ."