ಅಕ್ಕನ ಕೈಬರಹದ ಫಾಂಟು

ಫಾಂಟ್ ಡಾಕ್ಟರ್ ಒಮ್ಮೆ ಗದರಿದರೆ ಸಾಕು, ಏಳು ಸಮುದ್ರದಾಚೆಯ ಕಂಪ್ಯೂಟರಿನಲ್ಲೂ ಅಕ್ಷರಗಳು ಎದ್ದು ನಿಂತು ಸಾಲು ಸರಿಮಾಡಿಕೊಳ್ಳುತ್ತಿದ್ದವು. ಅವನು ಸೀನಿದ ರಭಸಕ್ಕೆ ಒಂದು ಕಂಪನಿಯ ಅಷ್ಟೂ ಸ್ಲೈಡುಗಳು ದಪ್ಪಕ್ಷರಕ್ಕೆ ತಿರುಗಿದ್ದವಂತೆ. ನಂಬದವರು ಅವನನ್ನೇ ಕೇಳಿ. ಇನ್ನೆರಡು ಸೇರಿಸಿ ಹೇಳುತ್ತಾನೆ.

ಆಫೀಸಿನಲ್ಲಿ ಅವನ ಕೆಲಸವೇ ಕೆಟ್ಟ ಅಕ್ಷರಗಳನ್ನು ಸರಿಮಾಡುವುದು; ಆ ಅಡ್ಡಹೆಸರು ಬಂದದ್ದೂ ಅದರಿಂದಲೇ. ಮೇಜಿನ ಮೇಲೆ ಚೆಂದವಿದ್ದ ಸ್ಲೈಡು ಸಭೆಯ ಕೋಣೆಗೆ ಹೋದೊಡನೆ ವೇಷ ಬದಲಿಸಿದರೆ ಅವನಿಗೆ ಕರೆ. “ಆ ಕಂಪ್ಯೂಟರಲ್ಲಿ ನಿಮ್ಮ ಫಾಂಟು ಇಲ್ದಿದ್ರೆ ಅದು ಕೈಗೆ ಸಿಕ್ಕಿದ್ದನ್ನ ತೊಡಿಸಿಬಿಡುತ್ತೆ. ಉಳಿಸೋವಾಗ ಫಾಂಟನ್ನೂ ಫೈಲೊಳಗೆ ಸೇರಿಸಿ. ಬೇರೆ ಕಂಪ್ಯೂಟರಲ್ಲಿ ಒಂದ್ಸಲ ತೆಗೆದು ನೋಡಿ ಸ್ವಾಮಿ!” ಎಂದು ಮ್ಯಾನೇಜರರಿಗೇ ಪಾಠ ಹೇಳುತ್ತಿದ್ದ.

ಈಗ ಅವನು ಕೂತಿದ್ದುದು ಅಕ್ಕ ಪಾಠ ಮಾಡುತ್ತಿದ್ದ ಶಾಲೆಯ ಸಭಾಂಗಣದಲ್ಲಿ. ಅಕ್ಕ ತೀರಿಕೊಂಡು ತಿಂಗಳಾಗಿತ್ತು; ಇವತ್ತು ಅವಳ ನೆನಪಿನ ಸಭೆ. ಅವಳ ಕೈಬರಹದಿಂದ ಅವನು ಹಿಂದೊಮ್ಮೆ ಒಂದು ಫಾಂಟು ಮಾಡಿದ್ದ. ಅದರ ಒತ್ತಕ್ಷರಗಳು ಕೆಳಗಿನ ಸಾಲಿನವರ ಮನೆಗೆ ಕಾಲು ಚಾಚುತ್ತಿದ್ದವು. ಅವಳು ಮಕ್ಕಳಿಗೆ ಹೇಳುತ್ತಿದ್ದ ಮಾತುಗಳು ಆ ಬರಹದಲ್ಲೇ ಪರದೆಗೆ ಬರಲಿ ಎಂದಿದ್ದರು ಭಾವ. ಅವರು ಕೇಳಿದ್ದು ಅದೊಂದೇ.

ಶಾಲೆಯ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕರೆಂಟ್ ಬಿಲ್ಲಿನಂಥ ಅಕ್ಷರ. ಅವನಿಗೆ ಏನೂ ಅನಿಸಲಿಲ್ಲ. ತಿಂಗಳಿನಿಂದ ಹಾಗೆಯೇ, ಬಾಯಿಗೆ ಹಾಕಿದ್ದು ಬಿಸಿಯೋ ತಣ್ಣಗೋ ಎಂಬುದೂ ತಿಳಿಯುತ್ತಿರಲಿಲ್ಲ.

“ಇದೇನೋ, ನಿಮ್ಮಕ್ಕ ಯಾವತ್ತು ಇಷ್ಟು ನೆಟ್ಟಗೆ ಬರೆದಿದ್ಳು?” ಎಂದರು ಭಾವ.

“ಪ್ರೊಜೆಕ್ಟರ್ ಹಳೇದು ಭಾವ. ನಾನು ಮಾಡಿದ ಫಾಂಟಿನ ಭಾರ ತಡಿಯಲ್ಲ. ಒಂದ್ಸಲ ಹೀಗೇ ಪರದೇನೇ ಹರಿದುಹೋಗಿ...”

“ಕಿವಿ ಮೇಲೆ ಹೂ ಇಡಬೇಡ. ಪ್ರೊಜೆಕ್ಟರ್ ವೈರು ಇನ್ನೂ ನನ್ನ ಕೈಲೇ ಇದೆ.”

ಅವನು ಭಾವನ ಕೈ ನೋಡಿದ. ಹೌದು, ಇತ್ತು.

“ಊರಿಗೆಲ್ಲ ಪಾಠ ಹೇಳೋನು, ಫಾಂಟು ಸೇರಿಸಿದ್ಯಾ?”

“ಇಲ್ಲ.”

ಹಿಂದೆ ಜನ ಬಂದು ಕುರ್ಚಿ ಎಳೆಯತೊಡಗಿದ್ದರು. ಅವನ ಲ್ಯಾಪ್‌ಟಾಪು ಚೀಲದಲ್ಲೇ ಇತ್ತು, ಅದರಲ್ಲಿ ಫಾಂಟೂ ಇತ್ತು. ಒಂದೊಂದೇ ಸ್ಲೈಡನ್ನು ನೋಡಿ ಚಿತ್ರವಾಗಿ ಉಳಿಸಿಬಿಟ್ಟರೆ ಆಯಿತು, ಆಮೇಲೆ ಬ್ರಹ್ಮ ಬಂದರೂ ಅಕ್ಷರ ಬದಲಾಗದು. ಚೀಲದ ಜಿಪ್ಪಿನ ಮೇಲಿಟ್ಟ ಕೈ ಅಲ್ಲೇ ನಿಂತಿತು.

“ಎಲ್ಲಾನೂ ಮಾಮೂಲಿ ಅಕ್ಷರದಲ್ಲೇ ಟೈಪ್ ಮಾಡಿದ್ದೆ ಭಾವ. ಕೊನೆಗೆ ಒಂದೇ ಏಟಿಗೆ ಅವಳ ಬರಹಕ್ಕೆ ತಿರುಗಿಸಿ, ಮುಖ ಆಚೆ ಮಾಡ್ಕೊಂಡು ಉಳಿಸಿ, ಮುಚ್ಚಿಬಿಟ್ಟೆ. ಅವಳು ಹೋದಮೇಲೆ ಆ ಅಕ್ಷರ ನೋಡೇ ಇಲ್ಲ. ನೋಡಿದ್ರೂ ಏನೂ ಅನ್ನಿಸದೇ ಹೋದ್ರೆ ಅಂತ...”

ಭಾವ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. “ನನಗೂ ಏನೂ ಅನ್ನಿಸ್ತಿಲ್ಲ ಕಣೋ. ತೆಗಿ, ಇಬ್ರೂ ನೋಡೋಣ.”

ಅವನು ಜಿಪ್ಪು ಎಳೆದ. “ಆ ಸೀನಿದ ಕಥೇನೂ ಸುಳ್ಳು ಭಾವ.”

“ಗೊತ್ತು. ಮೊದಲನೇ ಸ್ಲೈಡ್ ತೆಗಿ.”